ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದೆಯೇ? ಹೊಸದು ಹಾಕಿಸುವ ಮುನ್ನ ಅಳೆದು ನೋಡಿ

ಬ್ಯಾಟರಿಯೇ ಹಳತಾಗಿಲ್ಲದಿದ್ದರೆ ಅದು ಖಾಲಿಯಾಗುವುದಕ್ಕೆ ಎರಡು ದಾರಿ: ಗಾಡಿ ಓಡುವಾಗ ಚಾರ್ಜ್ ಆಗುತ್ತಿಲ್ಲ, ಇಲ್ಲವೇ ನಿಂತಾಗ ಏನೋ ಕರೆಂಟ್ ಎಳೆಯುತ್ತಿದೆ. ಯಾವುದೆಂದು ತಿಳಿಯದೆ ಬ್ಯಾಟರಿ ಬದಲಿಸಿದರೆ ಹೊಸದೂ ಹಾಳಾಗಬಹುದು. ಕಂಡುಹಿಡಿಯಲು ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಇಲ್ಲಿರುವುದು 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯ ಲೆಕ್ಕ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡುವ ಮೊದಲೇ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಡಿಸಿ ವೋಲ್ಟ್ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ, 12.2 ಅಂದರೆ ಅರ್ಧ ಖಾಲಿ. ಖಾಲಿಯಿದ್ದರೆ ಚಾರ್ಜರ್‌ನಿಂದ ತುಂಬಿಸಿಯೇ ಮುಂದುವರಿಯಿರಿ.

ಈಗ ಇಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿ. 13.8ರಿಂದ 14.5 ಬಂದರೆ ಸರಿ. 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ನೀರು ಕುದಿದು ಆರುತ್ತದೆ. 13ಕ್ಕಿಂತ ಕೆಳಗಿದ್ದರೆ ಇಂಜಿನ್ ನಿಲ್ಲಿಸಿ, ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ತಿರುಗಿಸುವ ಬೆಲ್ಟ್ ಸಡಿಲವಾಗಿದೆಯೇ ನೋಡಿ, ಆಮೇಲೆ ಇಂಜಿನ್, ಹೆಡ್‌ಲೈಟ್, ಬ್ಲೋವರ್ ಮತ್ತೆ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ವೈರ್ ಕೂರುವ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್‌ಗೆ ಇಡಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿದರೆ ತೊಂದರೆ ಮೊದಲು ನಡುವಿನ ವೈರ್ ಅಥವಾ ಜೋಡಣೆಯಲ್ಲಿ ಹುಡುಕಿ, ಆಲ್ಟರ್ನೇಟರಿನಲ್ಲಲ್ಲ. ಆಲ್ಟರ್ನೇಟರ್ ಬಾಡಿ ಮತ್ತು ನೆಗೆಟಿವ್ ನಡುವೆಯೂ ಹೀಗೇ ನೋಡಿ. ಹೊರಗಿನಿಂದ ಫಳಫಳ ಹೊಳೆಯುವ ಕ್ಲಾಂಪ್ ಬಿಚ್ಚಿದರೆ ಒಳಮೈಗೆ ಬೂದುಗಪ್ಪು ಪದರ ಕಟ್ಟಿರುವುದುಂಟು. ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಳಚಿ ನೋಡುವ ಹಳೇ ಪದ್ಧತಿ ಮಾತ್ರ ಬೇಡವೇ ಬೇಡ. ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟುಹೋಗಬಹುದು.

ಚಾರ್ಜಿಂಗ್ ಸರಿಯಿದ್ದೂ ಬೆಳಗಾಗುವಷ್ಟರಲ್ಲಿ ಡೌನ್ ಆದರೆ ಸೋರಿಕೆ ಹುಡುಕಬೇಕು. ಇಗ್ನಿಷನ್ ಆಫ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಟರ್ಮಿನಲ್ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್‌ನಲ್ಲಿ ಜೋಡಿಸಿ. ಮೀಟರ್ ಅಲ್ಲಿರುವಾಗ ಸೆಲ್ಫ್ ಹೊಡೆಯಬೇಡಿ, ಅದರ ಫ್ಯೂಸ್ ಹೋಗುತ್ತದೆ. ಬಾಗಿಲು ಮುಚ್ಚಿ ಅರ್ಧ ಗಂಟೆಯಾದರೂ ಕಾಯಿರಿ. ಗಾಡಿಯ ಕಂಪ್ಯೂಟರ್‌ಗಳು ನಿದ್ದೆಗೆ ಜಾರುವವರೆಗೆ ಸಿಗುವ ಅಂಕಿಗೆ ಅರ್ಥವಿಲ್ಲ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 12 ಆಂಪಿಯರ್-ಅವರ್ ಹೋಗುತ್ತದೆ.

ಫ್ಯೂಸ್ ಕೀಳಲು ಹೋಗಬೇಡಿ, ತಿರುಗಿ ಹಾಕುವಾಗ ಕಂಪ್ಯೂಟರ್ ಮತ್ತೆ ಎಚ್ಚರಾಗುತ್ತದೆ. ಫ್ಯೂಸಿನ ತಲೆಯ ಮೇಲಿನ ಎರಡು ಲೋಹದ ಚುಕ್ಕಿಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಸೊನ್ನೆಯಲ್ಲದಿದ್ದರೆ ಆ ಸರ್ಕ್ಯೂಟ್ ಕರೆಂಟ್ ಎಳೆಯುತ್ತಿದೆ.

ಎಲ್ಲೂ ಸಿಗದಿದ್ದರೆ ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮೇಲೆ ಅನುಮಾನಪಡಿ. ಅದು ಸೋರಿದರೆ ಚಾರ್ಜಿಂಗೂ ಕುಗ್ಗುತ್ತದೆ, ನಿಂತಾಗ ಬ್ಯಾಟರಿಯೂ ಇಳಿಯುತ್ತದೆ. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಎಸಿ ವೋಲ್ಟ್ 0.5 ಮೀರಿದರೆ ಅನುಮಾನ ಬಲವಾಗುತ್ತದೆ. ಖಚಿತಪಡಿಸಲು ಇಂಜಿನ್ ನಿಲ್ಲಿಸಿ, ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ವೈರ್ ಕಳಚಿ ಟೇಪ್ ಸುತ್ತಿ, ಸೋರಿಕೆಯನ್ನು ಮತ್ತೆ ಅಳೆಯಿರಿ. ಅಂಕಿ ಇಳಿದರೆ ರೆಕ್ಟಿಫೈಯರ್ (ಡಯೋಡ್‌ಗಳಿರುವ ಜೋಡಣೆ) ಬದಲಿಸಿ. ಅದು ಬಿಡಿಯಾಗಿ ಸಿಗದಿದ್ದರೆ ಮಾತ್ರ ಇಡೀ ಆಲ್ಟರ್ನೇಟರ್.