ನಾಲ್ಕೇ ಟ್ರ್ಯಾಕ್, ಆರು ದನಿ: ಕ್ಯಾಸೆಟ್‌ನಲ್ಲಿ ಭಾವಗೀತೆ ಮುದ್ರಿಸುವುದು ಹೇಗೆ?

ಟಿಯಾಕ್ ಕಂಪನಿ 1979ರಲ್ಲಿ ‘ಪೋರ್ಟಾಸ್ಟುಡಿಯೊ 144’ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಮಾಮೂಲಿ ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್‌ಗಳನ್ನು, ಅಂದರೆ ದನಿಯ ಪಟ್ಟಿಗಳನ್ನು, ಬೇರೆಬೇರೆಯಾಗಿ ಮುದ್ರಿಸುವ ಯಂತ್ರ ಮತ್ತು ಚಿಕ್ಕ ಮಿಕ್ಸರ್ ಅದರಲ್ಲಿ ಒಂದೇ ಕಡೆ ಇದ್ದವು. ಅದೇ ಮಾದರಿಯ ಹಳೆಯ ಯಂತ್ರ ನಿಮ್ಮ ಕೈಗೆ ಸಿಕ್ಕಿದ್ದರೆ ಅಟ್ಟಕ್ಕೆ ಸೇರಿಸಬೇಡಿ. ತಬಲಾ, ಹಾರ್ಮೋನಿಯಂ, ತಂಬೂರಿ, ಕೊಳಲು, ಮುಖ್ಯ ಗಾಯನ, ಸಹಗಾಯನ ಇರುವ ಒಂದು ಭಾವಗೀತೆಯನ್ನು ಅದರಲ್ಲಿ ಚೆನ್ನಾಗಿಯೇ ಮುದ್ರಿಸಬಹುದು.

ಮೊದಲು ಸ್ವಚ್ಛತೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಟೇಪ್ ತಾಗುವ ಹೆಡ್ ಮತ್ತು ಟೇಪನ್ನು ಎಳೆಯುವ ಲೋಹದ ಕಂಬಿಯನ್ನು ಒರೆಸಿ, ಒಣಗಲು ಬಿಡಿ. ಕಂದು ಕೊಳೆ ಕುಳಿತಿದ್ದರೆ ಎಲ್ಲಕ್ಕಿಂತ ಮೊದಲು ತಾರದ ದನಿಗಳು ಮಂಕಾಗುತ್ತವೆ.

ಕ್ಯಾಸೆಟ್ ‘ಟೈಪ್ 2’ ಅಥವಾ ಕ್ರೋಮ್ ಆಗಿರಲಿ. 60 ಅಥವಾ 90 ನಿಮಿಷದ್ದು ಸಾಕು. 120 ನಿಮಿಷದ ಕ್ಯಾಸೆಟ್‌ನ ಟೇಪ್ ತೀರಾ ತೆಳು, ಬೇಡ. ನಾಲ್ಕೂ ಟ್ರ್ಯಾಕ್‌ಗಳು ಒಂದೇ ದಿಕ್ಕಿನಲ್ಲಿ ಓಡುವುದರಿಂದ ಎರಡನೇ ಬದಿ ಎಂಬುದೇ ಇರುವುದಿಲ್ಲ. 144ರಂತೆ ದುಪ್ಪಟ್ಟು ವೇಗದ, ಅಂದರೆ ಸೆಕೆಂಡಿಗೆ ಸುಮಾರು 9.5 ಸೆಂ.ಮೀ. ಓಡುವ ಯಂತ್ರವಾದರೆ 60 ನಿಮಿಷದ ಕ್ಯಾಸೆಟ್ಟಿನಲ್ಲಿ ನಿಮಗೆ ದಕ್ಕುವುದು 15 ನಿಮಿಷ.

ಶುರು ಮಾಡುವ ಮುನ್ನ, ಟೇಪಿನ ವೇಗವನ್ನೂ ಅದರೊಂದಿಗೆ ಶ್ರುತಿಯನ್ನೂ ಬದಲಿಸುವ ಪಿಚ್ ಗುಂಡಿ ನಡುವಿನ ಗುರುತಿನಲ್ಲೇ ಇದೆಯೇ ನೋಡಿ. ಇದನ್ನು ಮರೆತರೆ ಮುಂದೆ ದಾರಿ ಇಲ್ಲ. ತಬಲಾವನ್ನು ಸುತ್ತಿಗೆಯಿಂದ ತಟ್ಟಿ ಶ್ರುತಿಗೆ ಕೂರಿಸಬಹುದು, ಗಾಯಕರು ಹೊಂದಿಕೊಂಡಾರು. ಹಾರ್ಮೋನಿಯಂ ಮಾತ್ರ ತನ್ನ ಶ್ರುತಿ ಬಿಟ್ಟು ಕದಲುವುದಿಲ್ಲ.

ಈಗ ಒಂದು ಹಾಳೆ ತೆಗೆದುಕೊಂಡು ಯಾವ ಟ್ರ್ಯಾಕ್‌ಗೆ ಯಾವುದು ಎಂದು ಬರೆಯಿರಿ. ನಾಲ್ಕನೆಯದರಲ್ಲಿ ತಾತ್ಕಾಲಿಕ ಗಾಯನ: ಒಂದು ಆವರ್ತ ತಾಳ ಎಣಿಸಿ, ಶ್ರುತಿಪೆಟ್ಟಿಗೆಯೊಂದಿಗೆ ಇಡೀ ಹಾಡನ್ನು ಹಾಡಿಬಿಡಿ. ಇದು ಉಳಿಯುವ ಹಾಡಲ್ಲ, ವಾದ್ಯದವರಿಗೆ ದಾರಿ ತೋರುವುದಷ್ಟೇ ಇದರ ಕೆಲಸ. ಆದರೂ ಕಾಲಪ್ರಮಾಣ ಇಲ್ಲಿಯೇ ನಿಶ್ಚಯವಾಗುವುದರಿಂದ ಉದಾಸೀನ ಮಾಡಬೇಡಿ. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಒಂದನೆಯದಕ್ಕೆ ತಬಲಾ, ಎರಡನೆಯದಕ್ಕೆ ಹಾರ್ಮೋನಿಯಂ, ಮೂರನೆಯದಕ್ಕೆ ತಂಬೂರಿ ತುಂಬಿಸಿ. ತಬಲಾಕ್ಕೆ ಒಂದೇ ಮೈಕ್ ಇದ್ದರೆ ಬಲ–ಎಡಗಳ ನಡುವೆ ಒಂದಡಿ ಮೇಲಿರಲಿ.

ಮುದ್ರಣದ ಮಟ್ಟ ಹೊಂದಿಸುವಾಗ ಮೀಟರಿನ ಮುಳ್ಳಿನ ಮೇಲೆ ಕಣ್ಣಿಡಿ. ಹಾರ್ಮೋನಿಯಂ ಸೊನ್ನೆಯ ಆಸುಪಾಸು ಆಡಲಿ. ತಬಲಾದ ಪೆಟ್ಟು ಮುಳ್ಳಿನ ಓಟಕ್ಕಿಂತ ಚುರುಕು. ಮುಳ್ಳು ಸೊನ್ನೆ ಮುಟ್ಟುವಷ್ಟರಲ್ಲಿ ಟೇಪಿನಲ್ಲಿ ದನಿ ಆಗಲೇ ಒಡೆದಿರುತ್ತದೆ. ತಬಲಾದ ಮಟ್ಟವನ್ನು ಇನ್ನಷ್ಟು ಕೆಳಗಿಡಿ. ಎಲ್ಲವನ್ನೂ ತೀರಾ ತಗ್ಗಿಸಿದರೆ ಟೇಪಿನ ‘ಸ್ಸ್’ ಸದ್ದು ಹಾಡಿನ ಮೇಲೇರಿ ಬರುತ್ತದೆ.

ಇನ್ನು ಇಡೀ ಕೆಲಸದ ಜೀವಾಳ: ಬೌನ್ಸ್. ಮೂರು ಟ್ರ್ಯಾಕ್‌ಗಳನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸುವುದು. ದನಿಯನ್ನು ಎಡಕ್ಕೋ ಬಲಕ್ಕೋ ಕಳಿಸುವ ಪ್ಯಾನ್ ಗುಂಡಿಗಳಲ್ಲಿ ಒಂದು, ಎರಡು, ಮೂರರವನ್ನು ನಾಲ್ಕನೆಯ ಟ್ರ್ಯಾಕಿನ ಕಡೆಗೆ, ಸಾಮಾನ್ಯವಾಗಿ ಬಲಕ್ಕೆ, ಪೂರ್ತಿ ತಿರುಗಿಸಿ. ನಾಲ್ಕನೆಯದರ ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ) ಮುಚ್ಚಿರಲಿ, ಇಲ್ಲವಾದರೆ ಕಿವಿ ಕೊರೆಯುವ ಶಿಳ್ಳೆ ಏಳುತ್ತದೆ. ರೆಕಾರ್ಡ್ ಒತ್ತಿದ ಕೂಡಲೇ ತಾತ್ಕಾಲಿಕ ಗಾಯನ ಅಳಿಸಿಹೋಗುತ್ತದೆ, ಅದರ ಜಾಗದಲ್ಲಿ ಮೂರು ವಾದ್ಯಗಳು ಒಂದಾಗಿ ಕೂರುತ್ತವೆ. ಮುಂದೆ ಹಳೆಯ ಮೂರು ಟ್ರ್ಯಾಕ್‌ಗಳ ಮೇಲೆ ಹೊಸದನ್ನು ಮುದ್ರಿಸಿದರೆ ಹಿಂದಿರುಗುವ ಮಾತೇ ಇಲ್ಲ. ಹಾಡುವವರು ಇನ್ನೂ ಹಾಡಿಲ್ಲ, ಆದರೆ ಅವರ ಹಿಂದಿನ ಪಕ್ಕವಾದ್ಯದ ಸಮತೋಲವನ್ನು ಈಗಲೇ ತೀರ್ಮಾನಿಸಬೇಕು. ಈ ಕಟ್ಟುನಿಟ್ಟನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹಾಡು ಹೇಗೆ ಕೇಳಿಸಬೇಕೆಂದು ಮೊದಲೇ ಯೋಚಿಸುವಂತೆ ಅದು ಮಾಡುತ್ತದೆ. ಹಾರ್ಮೋನಿಯಂ ಗಾಯನದ ಸ್ಥಾಯಿಯಲ್ಲೇ ನುಡಿಯುವ ವಾದ್ಯ, ನಿಮಗೆ ಸರಿ ಎನಿಸಿದ್ದಕ್ಕಿಂತ ತುಸು ತಗ್ಗಿಸಿ. ಪ್ರತಿ ಬೌನ್ಸ್‌ನಲ್ಲೂ ಮೇಲಿನ ಹೊಳಪು ಸ್ವಲ್ಪ ಸವೆಯುವುದರಿಂದ ಟ್ರೆಬಲ್ ಅನ್ನು ಕೊಂಚ ಏರಿಸಿಕೊಳ್ಳಿ. ಹಳೆಯ ಮೂರು ಟ್ರ್ಯಾಕ್‌ಗಳಲ್ಲಿ ಏನನ್ನೂ ಅಳಿಸುವ ಮುನ್ನ ನಾಲ್ಕನೆಯದನ್ನೊಂದೇ ಕೊನೆಯವರೆಗೆ ಕೇಳಿ.

ಈಗ ಖಾಲಿಯಾದ ಒಂದಕ್ಕೆ ಮುಖ್ಯ ಗಾಯನ, ಎರಡಕ್ಕೆ ಸಹಗಾಯನ, ಮೂರಕ್ಕೆ ಕೊಳಲು. ಗಾಯಕರ ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ. ‘ಪ’, ‘ಭ’ಗಳ ಉಸಿರು ಮೈಕಿಗೆ ಬಡಿಯುತ್ತಿದ್ದರೆ ಮೈಕನ್ನು ಬಾಯಿಯ ನೇರಕ್ಕಿಡದೆ ತುಸು ಪಕ್ಕಕ್ಕೆ ಸರಿಸಿ. ಚರಣದ ಒಂದು ಸಾಲು ಮಾತ್ರ ತಪ್ಪಿದ್ದರೆ ಹಿಂದಿನ ಸಾಲಿನಿಂದಲೇ ಜೊತೆಗೆ ಹಾಡುತ್ತ ಬರಲಿ. ಉಸಿರು ತೆಗೆದುಕೊಳ್ಳುವ ಕ್ಷಣದಲ್ಲಿ ನೀವು ರೆಕಾರ್ಡ್ ಒತ್ತಿ, ಸಾಲು ಮುಗಿದೊಡನೆ ಬಿಡಿ.

ಕೊನೆಯದು ಮಿಕ್ಸಿಂಗ್. ಗಾಯನ ಮತ್ತು ಬೌನ್ಸ್ ಟ್ರ್ಯಾಕ್ ನಡುವೆ, ಕೊಳಲು ತುಸು ಎಡಕ್ಕೆ, ಸಹಗಾಯನ ತುಸು ಬಲಕ್ಕೆ. ರಿವರ್ಬ್ (ದನಿಯ ಅನುರಣನ) ಹಚ್ಚುವುದಾದರೆ ಈಗ ಹಚ್ಚಿ. ಟೇಪಿನಲ್ಲೇ ಸೇರಿಸಿದ್ದರೆ ತೆಗೆಯಲಾಗುವುದಿಲ್ಲ. ಸ್ಟೀರಿಯೊ ಔಟ್‌ಪುಟ್‌ನಿಂದ ಇನ್ನೊಂದು ಡೆಕ್‌ಗೋ ಕಂಪ್ಯೂಟರಿಗೋ ಕೇಬಲ್ ಎಳೆದು, ಹಾಡು ಓಡುತ್ತಿರುವಾಗ ಫೇಡರ್‌ಗಳನ್ನು ಕೈಯಲ್ಲೇ ಏರಿಸಿ ಇಳಿಸಿ. ಫೇಡರ್ ಪಕ್ಕ ಕಾಗದದ ಟೇಪ್ ಅಂಟಿಸಿ ಪಲ್ಲವಿಗೆ ಎಲ್ಲಿ, ಕೊಳಲಿನ ತುಣುಕಿಗೆ ಎಲ್ಲಿ ಎಂದು ಪೆನ್ಸಿಲ್‌ನಿಂದ ಗುರುತು ಮಾಡಿಕೊಳ್ಳಿ. ಎರಡು ಕೈ ಸಾಲದಿದ್ದರೆ ತಬಲಾದವರನ್ನೇ ಕರೆಯಿರಿ, ಎಡುಪು, ಅಂದರೆ ಹಾಡು ತಾಳದಲ್ಲಿ ಎಲ್ಲಿ ಎತ್ತಿಕೊಳ್ಳುತ್ತದೆ ಎಂಬುದು, ಅವರಿಗೆ ಗೊತ್ತಿರುತ್ತದೆ.

ಮಿಕ್ಸ್ ಒಪ್ಪಿಗೆಯಾದ ಮೇಲೆ ಕ್ಯಾಸೆಟ್ಟಿನ ಹಿಂಬದಿಯ ಪ್ಲಾಸ್ಟಿಕ್ ತುಣುಕುಗಳನ್ನು ಎರಡನ್ನೂ ಮುರಿದುಬಿಡಿ. ಒಂದನ್ನು ಉಳಿಸಿದರೆ, ತಿರುವಿ ಹಾಕಿದ ಯಾರಾದರೂ ನಿಮ್ಮ ಹಾಡಿನ ಮೇಲೆಯೇ ಮುದ್ರಿಸಿಯಾರು.