ಜಾನ್ ಆಡಮ್ಸ್‌ನನ್ನು ಓದುವುದು ಹೇಗೆ: ಫಾರ್ವರ್ಡ್ ಆಗಿ ಬಂದ ಒಂದು ಸಾಲಿನಿಂದ ಶುರು ಮಾಡಿ

ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಹೆಸರಲ್ಲಿ ಒಂದು ಮಾತು ಆಗಾಗ ಓಡಾಡುತ್ತಿರುತ್ತದೆ. ನಮ್ಮ ಸಂವಿಧಾನ ಇರುವುದು ನೀತಿ ಮತ್ತು ಧರ್ಮ ಉಳ್ಳ ಜನರಿಗೆ ಮಾತ್ರ, ಬೇರೆಯವರಿಗೆ ಅದು ಸಾಲದು ಅಂತ. ಮಾತು ಆತನದ್ದೇ. ಆದರೆ ಅದೊಂದನ್ನೇ ಹಿಡಿದುಕೊಂಡರೆ ಆಡಮ್ಸ್ ಪ್ರವಚನ ಮಾಡುವವನ ಹಾಗೆ ಕಾಣುತ್ತಾನೆ. ಆತ ಲಾಯರ್ ಕಣ್ರೀ, ಅದೂ ಜನರ ಒಳ್ಳೆಯತನವನ್ನು ಸುಲಭಕ್ಕೆ ನಂಬದ ಲಾಯರ್.

ಮೊದಲು ಮೂಲ ಹುಡುಕಿ. ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹದವರ 'ಫೌಂಡರ್ಸ್ ಆನ್‌ಲೈನ್' ಜಾಲತಾಣದಲ್ಲಿ ಆತನ ಸಾವಿರಾರು ಪತ್ರಗಳಿವೆ, ದುಡ್ಡು ಕೊಡಬೇಕಿಲ್ಲ. ಪತ್ರ ತೆರೆದ ಕೂಡಲೇ ಎರಡೇ ವಿಷಯ ನೋಡಿ: ತಾರೀಖು ಏನು, ಯಾರಿಗೆ ಬರೆದದ್ದು. ಮೇಲಿನ ಸಾಲು 1798ರ ಅಕ್ಟೋಬರ್ 11ರದ್ದು, ಮ್ಯಾಸಚೂಸೆಟ್ಸ್ ರಾಜ್ಯದ ಮಿಲಿಷಿಯಾ, ಅಂದರೆ ನಾಗರಿಕರ ಪಡೆಯ, ಅಧಿಕಾರಿಗಳಿಗೆ ಬರೆದದ್ದು. ಆಗ ಫ್ರಾನ್ಸ್ ಜೊತೆ ಸಮುದ್ರದಲ್ಲಿ ಜಗಳ ನಡೆದಿತ್ತು. ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ದುರಾಸೆ, ಸೇಡು, ಅಧಿಕಾರದ ಹಸಿವು ಇವು ಸಂವಿಧಾನದ ಗಟ್ಟಿ ಹಗ್ಗಗಳನ್ನೂ ತಿಮಿಂಗಿಲ ಬಲೆ ಹರಿದ ಹಾಗೆ ಹರಿದುಹಾಕುತ್ತವೆ ಅಂತ. ಅಂದರೆ ಅದು ಹೊಗಳಿಕೆ ಅಲ್ಲ, ಹೆದರಿಕೆ.

ಸರಿ, ಈಗ ಹಿಂದಕ್ಕೆ ಹೋಗಿ. 1776ರ ಏಪ್ರಿಲ್‌ನಲ್ಲಿ ಅಚ್ಚಾದ 'ಥಾಟ್ಸ್ ಆನ್ ಗವರ್ನಮೆಂಟ್' ಒಂದು ಚಿಕ್ಕ ಪುಸ್ತಿಕೆ, ಒಂದು ಸಂಜೆಗೆ ಮುಗಿಯುತ್ತದೆ. ಆಡಮ್ಸ್ ಬರೆದದ್ದರಲ್ಲಿ ಒಂದೇ ಒಂದು ಓದುತ್ತೀರಿ ಅಂದ್ರೆ ಇದನ್ನೇ ಓದಿ. ಜಾಸ್ತಿ ಜನರಿಗೆ ನೆಮ್ಮದಿ, ಭದ್ರತೆ, ಸುಖ ಕೊಡುವ ಸರ್ಕಾರವೇ ಒಳ್ಳೆಯದು, ಆ ಸುಖ ಇರುವುದು ಸದ್ಗುಣದಲ್ಲಿ ಎಂದು ಶುರು ಮಾಡುತ್ತಾನೆ. ಈ ಸದ್ಗುಣ ಅನ್ನುವ ಪದ ಬಂದಾಗ ಸ್ವಲ್ಪ ನಿಲ್ಲಿ. ನಾವು ಕುಡಿಯದಿರುವುದು, ಸುಳ್ಳು ಹೇಳದಿರುವುದು ಅಂತ ಓದಿಕೊಂಡುಬಿಡುತ್ತೇವೆ. ಅಂಥ ಖಾಸಗಿ ನಡತೆಯೂ ಆತನಿಗೆ ಬೇಕು, ಆದರೆ ಸರ್ಕಾರದ ಮಾತು ಬಂದಾಗ ಅದರ ಮುಖ್ಯ ಅರ್ಥ ಬೇರೆ: ಎಲ್ಲರ ಹಿತವನ್ನು ಸ್ವಂತ ಲಾಭಕ್ಕಿಂತ ಮುಂದೆ ಇಡುವುದು.

ಹಾಗಂತ ಆ ಗುಣ ಎಲ್ಲರಲ್ಲೂ ಇದೆ ಎಂದು ಆತ ಅಂದುಕೊಂಡಿರಲಿಲ್ಲ, ಅದಕ್ಕೇ ಪುಸ್ತಿಕೆಯ ಹೆಚ್ಚಿನ ಭಾಗ ಬೀಗ ಹಾಕುವ ಕೆಲಸ. ಶಾಸನಸಭೆ ಒಂದೇ ಇರಬಾರದು, ಯಾಕೆಂದರೆ ಒಬ್ಬ ಮನುಷ್ಯನಿಗೆ ಇರುವ ಸಿಟ್ಟು, ಹುಚ್ಚು ಉತ್ಸಾಹ, ಪಕ್ಷಪಾತ ಎಲ್ಲ ಒಂದೇ ಸಭೆಗೂ ಇರುತ್ತದೆ, ಜನರ ಮೇಲೆ ಭಾರ ಹೊರಿಸಿ ತನಗೆ ಮಾತ್ರ ವಿನಾಯಿತಿ ಕೊಟ್ಟುಕೊಳ್ಳಲು ಅದು ನಾಚುವುದಿಲ್ಲ. (ಶಾಸಕರ ಸಂಬಳದ ಮಸೂದೆ ಎಷ್ಟು ಬೇಗ ಪಾಸಾಗುತ್ತದೆ ಎಂದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.) ಚುನಾವಣೆ ವರ್ಷ ವರ್ಷವೂ ಆಗಬೇಕು. ನ್ಯಾಯಾಧೀಶರು ಯಾರ ಹಂಗಿನಲ್ಲೂ ಇರಬಾರದು. ಬಡವರ ಮಕ್ಕಳ ಓದಿಗೆ ಖರ್ಚು ಮಾಡಿದರೆ ಅದು ದುಂದು ಅಲ್ಲ.

ಇದನ್ನು ಓದುವಾಗ ಪಕ್ಕದಲ್ಲಿ ಇನ್ನೊಂದು ಪತ್ರ ಇಟ್ಟುಕೊಳ್ಳಿ. ಪುಸ್ತಿಕೆಯಲ್ಲಿ ಆತ ಸಭೆ ಇಡೀ ಜನರ ಪಡಿಯಚ್ಚಿನ ಹಾಗೆ ಇರಬೇಕು ಅನ್ನುತ್ತಾನೆ. ಅದಕ್ಕೆ ಸ್ವಲ್ಪ ಮುಂಚೆ, ಮಾರ್ಚ್ 31ರಂದು, ಹೆಂಡತಿ ಅಬಿಗೇಲ್ ಬರೆದಿದ್ದಳು: ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ, ಗಂಡಸರ ಕೈಗೆ ಬಿಟ್ಟರೆ ಎಲ್ಲರೂ ದಬ್ಬಾಳಿಕೆ ಮಾಡುವವರೇ. ಏಪ್ರಿಲ್ 14ಕ್ಕೆ ಆತನ ಉತ್ತರ: ನಿನ್ನ ಕಾನೂನು ಓದಿ ನಗು ಬಂತು! ಗಂಡ ಬರೆದ ಇಡೀ ಪುಸ್ತಿಕೆಯ ತಿರುಳನ್ನು ಹೆಂಡತಿ ಎರಡು ಸಾಲಲ್ಲಿ ಹೇಳಿದ್ದಳು, ಅದು ಆತನಿಗೆ ಗೊತ್ತಾಗಲಿಲ್ಲ.

ಆಮೇಲೆ 1780ರ ಮ್ಯಾಸಚೂಸೆಟ್ಸ್ ಸಂವಿಧಾನ. ಕರಡು ಬಹುತೇಕ ಆಡಮ್ಸ್‌ನದ್ದೇ, ತಿದ್ದುಪಡಿಗಳೊಂದಿಗೆ ಇವತ್ತಿಗೂ ಜಾರಿಯಲ್ಲಿದೆ. ಪೂರ್ತಿ ಬೇಡ, ಹಕ್ಕುಗಳ ಭಾಗದ 30ನೇ ಕಲಮು ಸಾಕು. ಅಧಿಕಾರವನ್ನು ಮೂರು ಪಾಲು ಮಾಡುವುದು ಯಾಕೆ ಅಂದರೆ ಆಳುವುದು ಕಾನೂನಾಗಬೇಕು, ಮನುಷ್ಯರಲ್ಲ ಅಂತ ಅಲ್ಲಿದೆ.

ಇಷ್ಟಾದ ಮೇಲೆ ನಮ್ಮ 'ಯಥಾ ರಾಜಾ ತಥಾ ಪ್ರಜಾ' ಗಾದೆ ನೆನಪಾಗುತ್ತದೆ. ಆಡಮ್ಸ್ ಇದನ್ನು ಒಪ್ಪುತ್ತಾನಾ? 1776ರಲ್ಲಿ ಲೇಖಕಿ ಮರ್ಸಿ ವಾರೆನ್‌ಗೆ ಬರೆದ ಪತ್ರದಲ್ಲಿ ಗಣರಾಜ್ಯಕ್ಕೆ ಜನರ ಸದ್ಗುಣವೇ ಬುನಾದಿ ಎಂದ, ಅಂದರೆ ಗಾದೆ ತಿರುಗುಮುರುಗು. ಆದರೆ ಲಂಡನ್‌ನಲ್ಲಿದ್ದಾಗ ಬರೆದ, 1787ರಿಂದ ಅಚ್ಚಾದ ಮೂರು ಸಂಪುಟಗಳ ದೊಡ್ಡ ಪುಸ್ತಕದಲ್ಲಿ, ಆ ಸದ್ಗುಣ ಒಳ್ಳೆ ಸಂವಿಧಾನದ ಫಲವೇ ಇರಬಹುದು, ಕಾರಣ ಅಲ್ಲ ಎನ್ನುತ್ತಾನೆ. 1798ಕ್ಕೆ ಮತ್ತೆ ಹಳೇ ಹೆದರಿಕೆ. ಇದನ್ನು ಒಂದೇ ಅಭಿಪ್ರಾಯ ಅಂತ ಕಟ್ಟಲು ಹೋಗಬೇಡಿ, ತಾರೀಖು ಹಾಕಿ ಮೂರೂ ಬರೆದಿಟ್ಟುಕೊಳ್ಳಿ.

ಕೊನೆಗೆ ಮಾತು ಬಿಟ್ಟು ಕೆಲಸ ನೋಡಿ. 1770ರಲ್ಲಿ ಬಾಸ್ಟನ್‌ನಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಐದು ಜನ ಸತ್ತಾಗ, ಊರೆಲ್ಲ ಕೆರಳಿದ್ದರೂ ಆ ಸೈನಿಕರ ಪರ ವಾದಿಸಿದ್ದು ಇದೇ ಆಡಮ್ಸ್. ಎಂಟು ಜನರಲ್ಲಿ ಆರು ಮಂದಿ ಬಿಡುಗಡೆಯಾದರು. ಅದೇ ಮನುಷ್ಯ 1798ರ ಜುಲೈನಲ್ಲಿ, ಸರ್ಕಾರವನ್ನು ಟೀಕಿಸಿದವರನ್ನು ಜೈಲಿಗೆ ಹಾಕಬಲ್ಲ ಕಾಯ್ದೆಗೆ ಸಹಿ ಹಾಕಿದ. ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್ ಅದರಡಿ ಜೈಲಿಗೆ ಹೋದ, ಅಲ್ಲಿಂದಲೇ ಚುನಾವಣೆ ಗೆದ್ದ. ಫಾರ್ವರ್ಡ್ ಆದ ಆ ಪತ್ರ ಈ ಸಹಿಯಾಗಿ ಮೂರು ತಿಂಗಳಿಗೆ ಬರೆದದ್ದು. ಈಗ ಅದನ್ನು ಮತ್ತೊಮ್ಮೆ ಓದಿ ನೋಡಿ.

ಆ ಮೂರು ಸಂಪುಟಗಳಿಗೆ ಕೈ ಹಾಕುವುದು ನಿಮ್ಮ ಇಷ್ಟ. ನಾನು ಎರಡು ಸಲ ಶುರು ಮಾಡಿ ಬಿಟ್ಟೆ. ಅದರ ಬದಲು 1812ರಿಂದ ಮೂರನೇ ಅಧ್ಯಕ್ಷನಾಗಿದ್ದ ಜೆಫರ್ಸನ್‌ಗೆ ಬರೆದ ಮುದಿವಯಸ್ಸಿನ ಪತ್ರಗಳು ಎಷ್ಟೋ ರುಚಿ.