ಗಡಿ ದಾಟುವ ಲೆಕ್ಕ: ಹಾಸನದಿಂದ ನಾಲ್ಕು ದೇಶಗಳಿಗೆ ಕಡಿಮೆ ಖರ್ಚಿನ ಪ್ರವಾಸ

ನಮ್ಮ ಕಡೆ ವಿದೇಶ ಪ್ರವಾಸದ ಮಾತು ಸಾಮಾನ್ಯವಾಗಿ ಅಗ್ಗದ ವಿಮಾನ ಟಿಕೆಟ್ಟಿನಿಂದ ಶುರುವಾಗುತ್ತದೆ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾಗಳಂತಹ ಒತ್ತೊತ್ತಿನ ದೇಶಗಳನ್ನು ಒಂದೇ ಸುತ್ತಿನಲ್ಲಿ ನೋಡಬೇಕೆನ್ನುವವರು ಮೊದಲು ಹಾಕಬೇಕಾದದ್ದು ಗಡಿಗಳ ಲೆಕ್ಕ. ಪ್ರತಿ ಗಡಿಯೂ ಹೆಚ್ಚುಕಡಿಮೆ ಒಂದು ದಿನವನ್ನು ನುಂಗುತ್ತದೆ: ಕೋಣೆ ಖಾಲಿ ಮಾಡಬೇಕು, ಬಸ್ಸು ಹಿಡಿಯಬೇಕು, ವೀಸಾ ಸಾಲಿನಲ್ಲಿ ನಿಲ್ಲಬೇಕು, ಹಣ ಬದಲಿಸಬೇಕು, ಹೊಸ ಸಿಮ್ ಹಾಕಿಸಬೇಕು. ಹತ್ತು ದಿನ ರಜೆ ಇದ್ದವರು ಎರಡು ದೇಶಗಳಿಗೆ ತೃಪ್ತರಾಗುವುದು ಲೇಸು. ನಾಲ್ಕಕ್ಕೂ ಹೋಗುವುದಾದರೆ ಮೂರು ವಾರವಾದರೂ ಬೇಕು.

ಕಾಲದ ಆಯ್ಕೆಯಲ್ಲಿ ಕಾಫಿ ಸೀಮೆಯವರಿಗೆ ಒಂದು ಇಕ್ಕಟ್ಟಿದೆ. ಆ ದೇಶಗಳಲ್ಲಿ ತಿರುಗಾಡಲು ಹಿತವಾದ ನವೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳಲ್ಲೇ ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಹಣ್ಣು ಕುಯ್ಲು ನಡೆಯುತ್ತಿರುತ್ತದೆ, ಕಣದಲ್ಲಿ ಕಾಫಿ ಒಣಗುತ್ತಿರುವಾಗ ಯಜಮಾನರು ಊರು ಬಿಡುವಂತಿಲ್ಲ. ರೊಬಸ್ಟಾ ಮುಗಿಸಿ ಮಾರ್ಚಿಯಲ್ಲಿ ಹೊರಡೋಣವೆಂದರೆ ಉತ್ತರ ಥಾಯ್ಲೆಂಡ್ ಮತ್ತು ಲಾವೋಸ್‌ಗಳಲ್ಲಿ ಹೊಲ, ಕಾಡುಗಳಿಗೆ ಬೆಂಕಿ ಹಾಕುವ ಕಾಲ. ಹೊಗೆಯಲ್ಲಿ ಎದುರಿನ ಬೆಟ್ಟವೇ ಕಾಣುವುದಿಲ್ಲ. ಆದ್ದರಿಂದ ತೋಟದವರು ಮಾರ್ಚಿಯಲ್ಲಿ ಉತ್ತರವನ್ನು ಬಿಟ್ಟು ದಕ್ಷಿಣ ವಿಯೆಟ್ನಾಂ ಮತ್ತು ಕಾಂಬೋಡಿಯಾಗಳನ್ನಷ್ಟೇ ನೋಡಿಬರುವುದು ಸೂಕ್ತ. ದಸರಾ, ದೀಪಾವಳಿ ರಜೆಯಲ್ಲಿ ಹೊರಡುವ ನೌಕರರು ಮಧ್ಯ ವಿಯೆಟ್ನಾಮಿನ ಹುಯೆ, ಹೋಯಿ ಆನ್‌ಗಳಲ್ಲಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಜೋರು ಮಳೆ ಇರುತ್ತದೆ ಎಂಬುದನ್ನು ನೆನಪಿಡಬೇಕು.

ಪಾಸ್‌ಪೋರ್ಟಿಗಾಗಿ ಈಗ ಬೆಂಗಳೂರಿಗೆ ಓಡಬೇಕಿಲ್ಲ. ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಕೈಯಲ್ಲಿರುವ ಪಾಸ್‌ಪೋರ್ಟಿಗೆ ಪ್ರವೇಶದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಇದಕ್ಕಿಂತ ಹೆಚ್ಚು ತೊಡಕಾಗುವುದು ನಮ್ಮ ಹೆಸರುಗಳದು. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಬರೆದುಕೊಂಡೇ ಬದುಕಿದ ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಆದರೆ ವಿಮಾನ ಟಿಕೆಟ್ಟೂ ಇ-ವೀಸಾ ಅರ್ಜಿಯೂ ಅದನ್ನು ಕೇಳುತ್ತವೆ. ಪಾಸ್‌ಪೋರ್ಟಿನ ಫೋಟೊ ಪುಟದ ತಳಭಾಗದಲ್ಲಿರುವ ಎರಡು ಸಾಲುಗಳಲ್ಲಿ ಹೆಸರು ಹೇಗಿದೆಯೋ ಅದನ್ನೇ ಆಧಾರವಾಗಿಟ್ಟುಕೊಂಡು, ಟಿಕೆಟ್ಟಿನಲ್ಲೂ ವೀಸಾದಲ್ಲೂ ಒಂದೇ ರೀತಿ ತುಂಬಬೇಕು. ಆಧಾರ್ ಕಾರ್ಡಿನಲ್ಲಿ ಹೆಸರು ಹೇಗಿದ್ದರೂ ಅಲ್ಲಿ ಯಾರೂ ಕೇಳುವುದಿಲ್ಲ.

ವೀಸಾ ನಿಯಮಗಳು ಬದಲಾಗುತ್ತಿರುತ್ತವೆ. ಥಾಯ್ಲೆಂಡ್ 2024ರ ಜುಲೈನಲ್ಲಿ ಭಾರತೀಯರಿಗೆ 60 ದಿನಗಳ ವೀಸಾರಹಿತ ಪ್ರವೇಶ ಘೋಷಿಸಿತು. ಅದರ ಅವಧಿ ಈಗ ಎಷ್ಟಿದೆಯೆಂದು ಟಿಕೆಟ್ ಮಾಡಿಸುವ ಮುನ್ನ ನೋಡಿಕೊಳ್ಳಬೇಕು. 2025ರ ಮೇ 1ರಿಂದ ಅಲ್ಲಿಗೆ ಹೋಗುವವರು ಆಗಮನದ ಡಿಜಿಟಲ್ ಕಾರ್ಡನ್ನು ಮೊದಲೇ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲವೆಂದು ತಿಳಿಯಬೇಕು. ಲಾವೋಸ್ ಮತ್ತು ಕಾಂಬೋಡಿಯಾಗಳಲ್ಲಿ ಗಡಿಯಲ್ಲೇ ವೀಸಾ ಸಿಗುತ್ತದೆ. ವಿಯೆಟ್ನಾಮಿಗೆ ಮಾತ್ರ ಮುಂಚಿತವಾಗಿ ಇ-ವೀಸಾ ಬೇಕು. ಒಂದು ಪ್ರವೇಶಕ್ಕೆ 25 ಡಾಲರ್. ಆ ಅರ್ಜಿಯಲ್ಲಿ ಯಾವ ದ್ವಾರದಿಂದ ಒಳಬರುತ್ತೀರಿ ಎಂಬ ಪ್ರಶ್ನೆಯಿದೆ. ನಾನು ಮೊದಲ ಸಲ ಅದನ್ನು ಲಘುವಾಗಿ ತೆಗೆದುಕೊಂಡು ವಿಮಾನ ನಿಲ್ದಾಣವೆಂದು ಬರೆದು, ಆಮೇಲೆ ಬಸ್ಸಿನಲ್ಲಿ ಹೋಗಲು ಮನಸ್ಸು ಮಾಡಿದ್ದರಿಂದ, ಅರ್ಜಿಯನ್ನೂ ಶುಲ್ಕವನ್ನೂ ಎರಡನೆಯ ಬಾರಿ ಹಾಕಬೇಕಾಯಿತು. ದಾರಿ ಗಟ್ಟಿಯಾದ ಮೇಲೆಯೇ ಅರ್ಜಿ ಹಾಕಿ.

ಹಿಂದೆ ಎಲ್ಲರೂ ಬ್ಯಾಂಕಾಕಿನಿಂದ ಬಸ್ಸಿನಲ್ಲೇ ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೋಗಿ ಅದೇ ದಾರಿಯಲ್ಲಿ ಮರಳುತ್ತಿದ್ದರು. 2025ರಲ್ಲಿ ಎರಡು ದೇಶಗಳ ನಡುವೆ ಘರ್ಷಣೆಯಾಗಿ ಆ ಭೂಗಡಿಗಳು ಮುಚ್ಚಿದ್ದರಿಂದ, ಈಗ ಯೋಜನೆ ಮಾಡುವವರು ಆ ದಾರಿಯನ್ನು ನಂಬದೆ, ಬ್ಯಾಂಕಾಕಿನಲ್ಲಿ ಇಳಿದು ಕಾಂಬೋಡಿಯಾದಿಂದಲೇ ಮರಳುವ ಟಿಕೆಟ್ಟನ್ನು ಮೊದಲೇ ಮಾಡಿಸಿಕೊಳ್ಳುವುದು ಕ್ಷೇಮ. ಬ್ಯಾಂಕಾಕಿನಿಂದ ಸಂಜೆ ಹೊರಡುವ ಸ್ಲೀಪರ್ ರೈಲು ಬೆಳಗಾಗುವಷ್ಟರಲ್ಲಿ ಗಡಿಯ ನೋಂಗ್ ಖಾಯ್ ತಲುಪಿಸುತ್ತದೆ. ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯಿತು. ಮೆಕಾಂಗ್ ನದಿಯಾಚೆ ಲಾವೋಸಿನ ರಾಜಧಾನಿ ವಿಯೆಂಟಿಯಾನ್. ಅಲ್ಲಿಂದ 2021ರ ಡಿಸೆಂಬರಿನಲ್ಲಿ ಆರಂಭವಾದ ಹೊಸ ರೈಲು ಸುಮಾರು ಎರಡು ಗಂಟೆಯಲ್ಲಿ ಲುವಾಂಗ್ ಪ್ರಬಾಂಗ್‌ಗೆ ಒಯ್ಯುತ್ತದೆ. ಈ ರೈಲು ನಿಲ್ದಾಣಗಳಲ್ಲಿ ತಪಾಸಣೆ ಬಿಗಿ. ಸೌತೆಕಾಯಿ ಹೆಚ್ಚಲು ನಾವು ಬ್ಯಾಗಿನಲ್ಲಿಟ್ಟುಕೊಳ್ಳುವ ಚಾಕುವನ್ನು ಅಲ್ಲೇ ಕಿತ್ತುಕೊಳ್ಳುತ್ತಾರೆ. ಲಾವೋಸಿನಿಂದ ವಿಯೆಟ್ನಾಮಿನ ರಾಜಧಾನಿ ಹನೋಯ್‌ಗೆ ಬಸ್ಸೂ ಇದೆ, ಆದರೆ ಇಡೀ ಒಂದು ದಿನಕ್ಕೂ ಮೀರಿ ಕೂರಬೇಕಾದೀತು. ಇಡೀ ಪ್ರವಾಸದಲ್ಲಿ ವಿಮಾನಕ್ಕೆ ಹಣ ಚೆಲ್ಲಬಹುದಾದ ಜಾಗ ಇದೊಂದೇ ಎಂಬುದು ನನ್ನ ಅಭಿಪ್ರಾಯ. ಹನೋಯ್‌ನಿಂದ ಹೋ ಚಿ ಮಿನ್ ನಗರದವರೆಗಿನ 1,726 ಕಿ.ಮೀ. ರೈಲು ಹಾದಿಯನ್ನು ತುಂಡು ತುಂಡಾಗಿ ಕ್ರಮಿಸಿದರೆ ಸುಸ್ತಾಗುವುದಿಲ್ಲ. ಅಲ್ಲಿಂದ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ ಬಸ್ಸಿನಲ್ಲಿ ಹಗಲಿನ ಪ್ರಯಾಣ ಸಾಕು.

ಹಣದ ವಿಚಾರದಲ್ಲಿ ಡಾಲರ್ ನೋಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಪಡೆಯಬೇಕು. ಕಾಂಬೋಡಿಯಾದಲ್ಲಿ ಡಾಲರ್ ದಿನಬಳಕೆಯಲ್ಲಿದೆ, ಆದರೆ ಅಂಚು ಹರಿದ, ಮಸಿ ತಾಗಿದ ನೋಟನ್ನು ಸಂತೆಯ ಹೆಂಗಸೂ ವಾಪಸು ಕೊಡುತ್ತಾಳೆ. ಥಾಯ್ಲೆಂಡಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಬಾರಿಯೂ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಶುಲ್ಕ ಹಿಡಿಯುವುದರಿಂದ, ಹತ್ತು ಸಲ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಎರಡು ಸಲ ತೆಗೆಯುವುದು ಒಳ್ಳೆಯದು. ವಿಯೆಟ್ನಾಮಿನ 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ. ಕತ್ತಲಲ್ಲಿ ಟ್ಯಾಕ್ಸಿಯವನಿಗೆ ಕೊಡುವಾಗ ಸೊನ್ನೆಗಳನ್ನು ಎಣಿಸಿ. ಲಾವೋಸಿನ ಕಿಪ್ ಹೊರಗೆ ಸುಲಭವಾಗಿ ಬದಲಾಗದ ಕಾರಣ ಗಡಿ ದಾಟುವ ಮೊದಲೇ ಮುಗಿಸಬೇಕು.

ಸಸ್ಯಾಹಾರಿಗಳು ಪ್ಯಾಕೆಟ್ ಊಟ ಹೊತ್ತು ಸಾಗುವ ಅಗತ್ಯವಿಲ್ಲ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ‘ಜೇ’ ಅಂಗಡಿಗಳೂ ವಿಯೆಟ್ನಾಮಿನಲ್ಲಿ ‘ಚಾಯ್’ ಫಲಕದ ಅಂಗಡಿಗಳೂ ಶುದ್ಧ ಸಸ್ಯಾಹಾರದವು. ವಿಯೆಟ್ನಾಮಿನ ಬೌದ್ಧರಲ್ಲಿ ಅನೇಕರು, ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಪಥ್ಯ ಮಾಡುವಂತೆ, ಚಾಂದ್ರಮಾಸದ 1 ಮತ್ತು 15ನೇ ದಿನ ಮಾಂಸ ಬಿಡುತ್ತಾರೆ. ಆ ದಿನಗಳಲ್ಲಿ ಆಯ್ಕೆ ಹೆಚ್ಚು. ಉಳಿದೆಡೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆಂದು ಕೇಳಿಯೇ ತಿನ್ನಬೇಕು.

ಎಲ್ಲಿ ಉಳಿಸಿದರೂ ಇಲ್ಲಿ ಮಾತ್ರ ಉಳಿತಾಯ ಮಾಡಬಾರದು ಎನ್ನುವ ಜಾಗ ಸಿಯೆಮ್ ರೀಪ್ ಬಳಿಯ ಅಂಕೋರ್ ದೇವಾಲಯಗಳು. ಒಂದು ದಿನದ ಪಾಸು 37 ಡಾಲರ್, ಮೂರು ದಿನದ್ದು 62 ಡಾಲರ್. ಹೆಚ್ಚುವರಿ 25 ಡಾಲರಿಗೆ ಎರಡು ದಿನ ಸಿಗುತ್ತದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ನಡೆಯಿತಲ್ಲ, ಅದೇ ಶತಮಾನದ ಮೊದಲರ್ಧದಲ್ಲಿ ಎರಡನೆಯ ಸೂರ್ಯವರ್ಮನು ಅಂಕೋರ್ ವಾಟ್ ದೇವಾಲಯವನ್ನು ವಿಷ್ಣುವಿಗಾಗಿ ಕಟ್ಟಿಸಿದನು. ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆ ನೋಡಿ ಬೆಳೆದ ಕಣ್ಣಿಗೆ ಅಲ್ಲಿನ ಮರಳುಗಲ್ಲಿನ ಸಮುದ್ರಮಥನದ ಉದ್ದನೆಯ ಭಿತ್ತಿ ಬೇರೆಯೇ ಲೋಕವೆನಿಸುತ್ತದೆ, ಒಂದೇ ದಿನದಲ್ಲಿ ಅದನ್ನು ಓಡಿ ನೋಡಿದರೆ ಕೊಟ್ಟ ಹಣವೂ ವ್ಯರ್ಥ.

ಕೊನೆಗೆ ಊರಿನಿಂದ ಹೊರಡುವ ಮಾತು. ಹಾಸನದಿಂದ ಬೆಂಗಳೂರು ಸುಮಾರು 185 ಕಿ.ಮೀ., ಆದರೆ ವಿಮಾನ ನಿಲ್ದಾಣ ನಗರದ ಆಚೆ ದೇವನಹಳ್ಳಿಯಲ್ಲಿದೆ. ಟ್ಯಾಕ್ಸಿಯ ಬಾಡಿಗೆಗೆ ಹೋ ಚಿ ಮಿನ್ ನಗರದಲ್ಲಿ ಕೆಲವು ದಿನ ಕಳೆಯಬಹುದು. ಮಧ್ಯಾಹ್ನದ ಸಾರಿಗೆ ಬಸ್ಸಿನಲ್ಲಿ ಹೊರಟು ಮೆಜೆಸ್ಟಿಕ್‌ನಲ್ಲಿ ವಾಯುವಜ್ರ ಹಿಡಿದರೆ ಮಧ್ಯರಾತ್ರಿಯ ವಿಮಾನಕ್ಕೆ ಸಮಯ ಸಾಕು. ನೆಲಮಂಗಲದ ದಟ್ಟಣೆಗೆಂದು ಇನ್ನೊಂದು ಗಂಟೆಯನ್ನು ಕೈಯಲ್ಲಿಟ್ಟುಕೊಳ್ಳಿ.